ಕೊಡಗಿನ ಅಡುಗೆಮನೆಯಲ್ಲಿ ನಾನ್‌ಸ್ಟಿಕ್: ಆರಿಸುವುದು, ಬಳಸುವುದು, ಬಾಳಿಸುವುದು

ನನ್ನ ಮೊದಲ ನಾನ್‌ಸ್ಟಿಕ್ ಬಾಣಲೆ ಒಂದೇ ಸಂಜೆಯಲ್ಲಿ ಹಾಳಾಯಿತು. ಅವತ್ತು ನಮ್ಮ ಕೈಲ್ ಪೊಳ್ದ್ ಹಬ್ಬದ ಹಿಂದಿನ ದಿನ. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಮಸಾಲೆ ಹುರಿಯಬೇಕಿತ್ತು. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ಚೂರು ಮೆಂತ್ಯ. ಈ ಮಸಾಲೆ ಘಂ ಅಂದರೆ ಸಾಲದು, ಕಾಫಿ ಪುಡಿಯ ಬಣ್ಣಕ್ಕೆ ತಿರುಗಬೇಕು. ಕಬ್ಬಿಣದ ಬಾಣಲೆ ತೊಳೆಯಲು ಬಿದ್ದಿತ್ತು. ಹೊಸದು ಕೈಗೆ ಸಿಕ್ಕಿತು, ಅದರಲ್ಲೇ ಹುರಿದೆ. ಎಣ್ಣೆ ಇಲ್ಲ, ನೀರಿಲ್ಲ, ಉರಿ ಜೋರು, ಸುಮಾರು ಕಾಲು ಗಂಟೆ. ನಡುವೆ ಒಂದು ಚುಚ್ಚುವ ವಾಸನೆ ಬಂತು. ಮೆಣಸಿನ ಹೊಗೆ ಇರಬೇಕು ಅಂದುಕೊಂಡೆ.

ಮರುದಿನ ತೊಳೆದು ಬೆಳಕಿಗೆ ಹಿಡಿದಾಗ ತಳದಲ್ಲಿ ಒಂದು ಉಂಗುರ ಕಂಡಿತು. ಗ್ಯಾಸ್ ಉರಿ ಎಷ್ಟು ಅಗಲವೋ ಸರಿಯಾಗಿ ಅಷ್ಟೇ ಅಗಲ. ಸುತ್ತ ಎಲ್ಲ ಕಡೆ ಕಪ್ಪಗೆ ಮಿಂಚುತ್ತಿದ್ದರೆ ಆ ಉಂಗುರ ಮಾತ್ರ ಬೂದು ಬಣ್ಣ. ಬೆರಳಾಡಿಸಿದರೆ ತರಿತರಿ. ಆಮೇಲೆ ಮೊಟ್ಟೆ ಒಡೆದು ಹಾಕಿದಾಗಲೆಲ್ಲ ಅದು ಆ ಉಂಗುರದ ಮೇಲೇ ಹಿಡಿಯುತ್ತಿತ್ತು. ಬಾಣಲೆಯಲ್ಲಿ ಒಂದು ಗೀರೂ ಇರಲಿಲ್ಲ. ನಾನು ಮರದ ಸೌಟನ್ನೇ ಬಳಸಿದ್ದೆ.

ಅವತ್ತು ತಿಳಿದ ವಿಷಯವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾವೆಲ್ಲ ಗೀರು ಬೀಳುತ್ತದೆ ಅಂತ ಹೆದರುತ್ತೇವೆ. ಆದರೆ ನಾನ್‌ಸ್ಟಿಕ್ ಪಾತ್ರೆಯನ್ನು ಗೀರಿಗಿಂತ ಬೇಗ ಹಾಳು ಮಾಡುವುದು ಬಿಸಿ. ಅದು ಸಣ್ಣ ಉರಿಯ, ಹೆಚ್ಚೆಂದರೆ ನಡು ಉರಿಯ ಪಾತ್ರೆ. ನಮ್ಮ ಕೊಡಗಿನ ಅಡುಗೆಯಲ್ಲಿ ಜೋರು ಉರಿ ಬೇಡುವ ಕೆಲಸ ಜಾಸ್ತಿ. ಹಾಗಾಗಿ ಯಾವ ಕೆಲಸ ಯಾವ ಪಾತ್ರೆಗೆ ಅನ್ನುವುದನ್ನು ಮೊದಲೇ ಹಂಚಿಕೊಳ್ಳಬೇಕು.

ಒಳಗೆ ಏನಿದೆ ಅಂತ ಸ್ವಲ್ಪ ತಿಳಿದುಕೊಳ್ಳಿ

ನಮ್ಮ ಮನೆಗಳಲ್ಲಿರುವ ಹೆಚ್ಚಿನ ನಾನ್‌ಸ್ಟಿಕ್ ಪಾತ್ರೆಗಳ ಮೇಲಿರುವುದು ಪಿಟಿಎಫ್ಇ ಅನ್ನುವ ವಸ್ತು. ಟೆಫ್ಲಾನ್ ಅನ್ನುವುದು ಅದಕ್ಕೆ ಒಂದು ಕಂಪನಿ ಇಟ್ಟ ಹೆಸರು. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಫ್ರಿಜ್‌ಗೆ ಬಳಸುವ ಅನಿಲದ ಕೆಲಸದಲ್ಲಿದ್ದಾಗ, ಸಿಲಿಂಡರಿನೊಳಗಿನ ಅನಿಲ ತಾನಾಗಿಯೇ ಬಿಳಿ ಪುಡಿಯಾಗಿತ್ತು. ಅದೇ ಇದು. ಅಡುಗೆ ಪಾತ್ರೆಗೆ ಬಂದದ್ದು 1954ರಲ್ಲಿ, ಫ್ರಾನ್ಸಿನ ಮಾರ್ಕ್ ಗ್ರೆಗೋರ್ ಅದನ್ನು ಅಲ್ಯೂಮಿನಿಯಂ ಮೇಲೆ ಕೂರಿಸುವ ದಾರಿ ಕಂಡುಕೊಂಡ ಮೇಲೆ. ಯಾವುದಕ್ಕೂ ಅಂಟದ ವಸ್ತುವನ್ನು ಪಾತ್ರೆಗೆ ಅಂಟಿಸುವುದು ಹೇಗೆ? ಮೊದಲು ಲೋಹದ ಮೈಯನ್ನು ತರಿ ಮಾಡುತ್ತಾರೆ. ಆ ಸಣ್ಣ ಸಣ್ಣ ಗುಳಿಗಳಲ್ಲಿ ಕೋಟಿಂಗ್ ಹಿಡಿದು ಕೂರುತ್ತದೆ. ಅಂದರೆ ಅದು ಲೋಹದ ಜೊತೆ ಒಂದಾಗಿಲ್ಲ, ಕಚ್ಚಿಕೊಂಡಿದೆ ಅಷ್ಟೇ. ಪಾತ್ರೆಗೆ ಸೊಟ್ಟ ಬಂದರೆ, ತಣ್ಣೀರಿನ ಆಘಾತ ತಗುಲಿದರೆ ಆ ಹಿಡಿತ ಸಡಿಲವಾಗುತ್ತದೆ.

ಸಾಮಾನ್ಯ ಬಿಸಿಯಲ್ಲಿ ಪಿಟಿಎಫ್ಇ ಸುಮ್ಮನಿರುವ ವಸ್ತು. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಿಧಾನವಾಗಿ ಕೆಡಲು ಶುರು. 327 ಡಿಗ್ರಿಯಲ್ಲಿ ಕರಗುತ್ತದೆ. 350ರ ಆಚೆ ಬೇಗ ಒಡೆದು ವಿಷದ ಹೊಗೆ ಬಿಡುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ಮೇಲೆ ಚಳಿ, ಜ್ವರ, ಕೆಮ್ಮು ಬರುತ್ತದೆ. ಪಂಜರದ ಹಕ್ಕಿಗಳಿಗೆ ಅದು ಪ್ರಾಣವನ್ನೇ ತೆಗೆಯುವ ಹೊಗೆ. ಮನೆಯಲ್ಲಿ ಲವ್ ಬರ್ಡ್ಸ್ ಇದ್ದರೆ ಪಂಜರ ಅಡುಗೆಮನೆಯ ಹತ್ತಿರ ಇಡಲೇಬೇಡಿ.

260 ಡಿಗ್ರಿ ಅಂದರೆ ತುಂಬ ದೂರದ ಮಾತು ಅನ್ನಿಸಬಹುದು. ಅಲ್ಲ. ತೆಳು ಬಾಣಲೆಯನ್ನು ಖಾಲಿ ಇಟ್ಟು ಗ್ಯಾಸ್ ಜೋರು ಮಾಡಿದರೆ ಐದು ನಿಮಿಷದೊಳಗೆ ಅಲ್ಲಿ ಮುಟ್ಟಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಇನ್ನೂ ಬಿಗಿಯಾಗಿ ಹೇಳಿದೆ: 170 ಡಿಗ್ರಿ ದಾಟಿದರೆ ಅಪಾಯ, ಖಾಲಿ ಪಾತ್ರೆಯನ್ನು ಒಲೆ ಮೇಲೆ ಬಿಟ್ಟಾಗ ಹೀಗಾಗುತ್ತದೆ ಅಂತ. ನಾನು ಈ 170ನ್ನೇ ಮನಸ್ಸಲ್ಲಿ ಇಟ್ಟುಕೊಂಡಿದ್ದೇನೆ. ಅದನ್ನು ಥರ್ಮಾಮೀಟರ್ ಇಲ್ಲದೆ ಅಳೆಯುವ ದಾರಿ ಮುಂದೆ ಹೇಳುತ್ತೇನೆ.

ಮೊದಲ ಹೆಜ್ಜೆ: ಅಂಗಡಿಗೆ ಹೋಗುವ ಮೊದಲು ಕೆಲಸ ಹಂಚಿ

ಮೂರು ಕೆಲಸವನ್ನು ನಾನ್‌ಸ್ಟಿಕ್‌ಗೆ ಕೊಡಲೇಬಾರದು. ಮೂರೂ ನಮ್ಮ ಕಡೆ ದಿನನಿತ್ಯದವು, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಒಂದು, ಮಸಾಲೆ ಹುರಿಯುವುದು. ಕಾರಣ ಮೇಲೆ ಹೇಳಿದೆ. ಒಣ ಕಾಳು ಬಿಸಿಯನ್ನು ಎಳೆದುಕೊಳ್ಳುವುದಿಲ್ಲ. ನೀರಿನಂಶ ಇರುವ ಪದಾರ್ಥ ಇದ್ದರೆ ಪಾತ್ರೆ ತಣ್ಣಗೆ ಉಳಿಯುತ್ತದೆ, ಒಣ ಮಸಾಲೆಯಲ್ಲಿ ಆ ತಡೆ ಇಲ್ಲ.

ಎರಡು, ಅಕ್ಕಿ ಒಟ್ಟಿ. ಬಯಲುಸೀಮೆಯ ಅಕ್ಕಿ ರೊಟ್ಟಿಯ ಮಾತಲ್ಲ. ಈರುಳ್ಳಿ, ಹಸಿಮೆಣಸು ಹಾಕಿ ತವಾ ಮೇಲೇ ತಟ್ಟಿ, ಎಣ್ಣೆ ಬಿಟ್ಟು ಮುಚ್ಚಿ ಬೇಯಿಸುವ ಆ ರೊಟ್ಟಿ ನಾನ್‌ಸ್ಟಿಕ್ ಮೇಲೆ ಚೆನ್ನಾಗಿಯೇ ಬರುತ್ತದೆ. ನಮ್ಮ ಒಟ್ಟಿ ಬೇರೆ. ಅನ್ನ, ಅಕ್ಕಿ ಹಿಟ್ಟು ಸೇರಿಸಿ ಮೆತ್ತಗೆ ನಾದಿ, ತೆಳ್ಳಗೆ ತಟ್ಟಿ, ಕಾದ ಕಾವಲಿಯ ಮೇಲೆ ಎಣ್ಣೆ ಇಲ್ಲದೆ ಹಾಕಿ, ಕೊನೆಗೆ ಕೆಂಡದ ಮೇಲೆ ಉಬ್ಬಿಸುವುದು. ಕಾವಲಿ 200 ಡಿಗ್ರಿ ದಾಟದೆ ಇದ್ದರೆ ಒಟ್ಟಿ ಉಬ್ಬುವುದಿಲ್ಲ, ಒಣಗಿ ಚರ್ಮದಂತಾಗುತ್ತದೆ. ಆ ಬಿಸಿ ನಾನ್‌ಸ್ಟಿಕ್‌ಗೆ ಆಗದು. ನಿಧಾನ ಉರಿ ಒಟ್ಟಿಗೆ ಆಗದು. ಇಬ್ಬರಿಗೂ ನ್ಯಾಯ ಆಗಬೇಕಾದರೆ ಕಬ್ಬಿಣದ ಕಾವಲಿ ಮನೆಯಲ್ಲಿ ಇರಲೇಬೇಕು.

ಮೂರು, ಕಾಫಿ ಬೀಜ ಹುರಿಯುವುದು. ತೋಟದ ಬೀಜವನ್ನು ಮನೆಮಟ್ಟಿಗೆ ಹುರಿದುಕೊಳ್ಳುವವರು ಈಗಲೂ ಇದ್ದಾರೆ. ಬೀಜ ಚಟಪಟ ಅಂತ ಮೊದಲ ಸಲ ಸಿಡಿಯುವಾಗಲೇ ಅದರ ಬಿಸಿ 200 ಡಿಗ್ರಿ ಹತ್ತಿರ. ಬೀಜವೇ ಅಷ್ಟು ಬಿಸಿ ಇದ್ದರೆ ಪಾತ್ರೆಯ ತಳ ಎಷ್ಟಿರಬೇಡ! ಜೊತೆಗೆ ಅರ್ಧ ಗಂಟೆ ಗಟ್ಟಿ ಬೀಜ ಉಜ್ಜಾಡುತ್ತದೆ. ಇದು ಬೇಡವೇ ಬೇಡ.

ಪಂದಿ ಕರಿಯನ್ನೂ ನಾನು ನಾನ್‌ಸ್ಟಿಕ್‌ನಲ್ಲಿ ಮಾಡುವುದಿಲ್ಲ. ಕಾರಣ ಬೇರೆ. ಒಂದೆರಡು ಗಂಟೆ ಮೂಳೆ ಸಮೇತ ಬೇಯಬೇಕು, ಮೂಳೆಯ ಚೂಪು ತುದಿ ತಿರುವಿದಾಗಲೆಲ್ಲ ತಳವನ್ನು ಗೀರುತ್ತದೆ. ಮತ್ತೆ ಕಾಚಂಪುಳಿ, ಕರಿಗೆ ಹಾಕುವ ನಮ್ಮ ಕಪ್ಪು ಹುಳಿ. ಗಟ್ಟಿ ಇರುವ ಕೋಟಿಂಗ್‌ಗೆ ಹುಳಿಯಿಂದ ಏನೂ ಆಗುವುದಿಲ್ಲ. ಆದರೆ ಗೀರು ಬಿದ್ದ ಜಾಗದಲ್ಲಿ ಕೆಳಗಿನ ಅಲ್ಯೂಮಿನಿಯಂ ಬಯಲಾಗಿದ್ದರೆ ಹುಳಿ ಅದನ್ನು ತಿನ್ನುತ್ತದೆ. ಕರಿ ಮರುದಿನಕ್ಕೆ ರುಚಿ ಜಾಸ್ತಿ ಅಂತ ನಾವು ಅದೇ ಪಾತ್ರೆಯಲ್ಲಿ ರಾತ್ರಿಯಿಡೀ ಬಿಡುತ್ತೇವೆ ಅಲ್ವಾ? ಅದಕ್ಕೆ ಮಣ್ಣಿನ ಪಾತ್ರೆ ಅಥವಾ ದಪ್ಪ ತಳದ ಸ್ಟೀಲ್ ಪಾತ್ರೆಯೇ ಸರಿ. ಬೈಂಬಳೆ (ಎಳೆ ಬಿದಿರು) ಕರಿಗೂ ಇದೇ ಮಾತು.

ಕಡಂಬುಟ್ಟು, ನೂಲ್ಪುಟ್ಟು, ಪಾಪುಟ್ಟು ಎಲ್ಲ ಹಬೆಯಲ್ಲಿ ಬೇಯುವಂಥವು, ಅವಕ್ಕೆ ನಾನ್‌ಸ್ಟಿಕ್ ಬೇಕಾಗಿಲ್ಲ.

ಹಾಗಾದರೆ ಉಳಿದದ್ದು ಏನು? ನೀರ್ ದೋಸೆ, ಮೊಟ್ಟೆ, ಮೀನು, ಪಡ್ಡು, ಉಳಿದ ನೂಲ್ಪುಟ್ಟಿನ ಒಗ್ಗರಣೆ, ಮಳೆಗಾಲದ ಕುಮ್ಮು (ಅಣಬೆ), ಬಾಳೆಹಣ್ಣಿನ ಹಲ್ವ. ಇವಿಷ್ಟಕ್ಕೆ ನಾನ್‌ಸ್ಟಿಕ್‌ನಷ್ಟು ಸುಲಭದ ಪಾತ್ರೆ ಬೇರೆ ಇಲ್ಲ. ಹೋಮ್‌ಸ್ಟೇ ನಡೆಸುವವರಿಗಂತೂ ಬೆಳಿಗ್ಗೆ ಹತ್ತು ಆಮ್ಲೆಟ್ ಒಂದರ ಹಿಂದೆ ಒಂದು ಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ಆದ್ದರಿಂದ ಏಳು ತುಂಡಿನ ಸೆಟ್ ತರಬೇಡಿ. ಒಂದು ದೋಸೆ ತವಾ, 28 ಅಥವಾ 30 ಸೆಂಟಿಮೀಟರ್. ಒಂದು 24 ಸೆಂಟಿಮೀಟರಿನ ಫ್ರೈ ಪ್ಯಾನ್, ಮುಚ್ಚಳ ಸಮೇತ. ನಾಲ್ಕೈದು ಜನರ ಮನೆಗೆ ಇಷ್ಟು ಸಾಕು. ಸೆಟ್‌ಗೆ ಕೊಡುವ ದುಡ್ಡಿನಲ್ಲಿ ಈ ಎರಡನ್ನು ಒಳ್ಳೆಯ ದಪ್ಪದಲ್ಲಿ ತರಬಹುದು.

ಎರಡನೇ ಹೆಜ್ಜೆ: ಅಂಗಡಿಯಲ್ಲಿ ಕೈಯಿಂದ ನೋಡಿ

ಮೊದಲು ಎತ್ತಿ ನೋಡಿ. ಒಂದೇ ಅಳತೆಯ ಎರಡು ತವಾ ಎರಡೂ ಕೈಯಲ್ಲಿ ಹಿಡಿದರೆ ತೂಕದ ವ್ಯತ್ಯಾಸ ತಿಳಿಯುತ್ತದೆ. ಡಬ್ಬಿಯ ಮೇಲೆ ದಪ್ಪ ಮಿಲಿಮೀಟರಿನಲ್ಲಿ ಬರೆದಿರುತ್ತದೆ. 3 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ನಾನು ತರುವುದಿಲ್ಲ. ದೋಸೆ ತವಾಕ್ಕೆ 4 ಇದ್ದರೆ ಇನ್ನೂ ಒಳ್ಳೆಯದು. ದಪ್ಪ ಲೋಹ ಬಿಸಿಯನ್ನು ಹರಡುತ್ತದೆ, ಉರಿ ತಾಗಿದ ಕಡೆ ಮಾತ್ರ ಕೆಂಡವಾಗುವುದಿಲ್ಲ. ನನ್ನ ಉಂಗುರದ ಬಾಣಲೆ ಜಾತ್ರೆಯ ಮಳಿಗೆಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು, ಸ್ಟೀಲ್ ತಟ್ಟೆಯಷ್ಟೇ ಹಗುರ.

ಆಮೇಲೆ ತಳ. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಗಾಜಿನ ಮೇಜು ಇದ್ದರೆ ಇಟ್ಟು ಅಂಚು ಒತ್ತಿ. ಕುಟುಕುಟು ಅಲ್ಲಾಡಿದರೆ ಬಿಡಿ. ಇಂಡಕ್ಷನ್ ಇರುವವರು ಮನೆಯಿಂದ ಫ್ರಿಜ್ ಮೇಲಿನ ಅಯಸ್ಕಾಂತ ಒಂದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ. ಅಲ್ಯೂಮಿನಿಯಂಗೆ ಅಯಸ್ಕಾಂತ ಹಿಡಿಯುವುದಿಲ್ಲ. ಇಂಡಕ್ಷನ್‌ಗೆ ಆಗುವ ಪಾತ್ರೆಯ ತಳಕ್ಕೆ ಸ್ಟೀಲ್ ತಟ್ಟೆ ಕೂರಿಸಿರುತ್ತಾರೆ. ಅಯಸ್ಕಾಂತ ನಡುವೆ ಮಾತ್ರ ಅಲ್ಲ, ಅಂಚಿನ ಹತ್ತಿರವೂ ಗಟ್ಟಿಯಾಗಿ ಹಿಡಿಯಬೇಕು. ನಡುವೆ ಮಾತ್ರ ಹಿಡಿದರೆ ದೋಸೆ ನಡುವೆ ಸೀಯುತ್ತದೆ, ಅಂಚು ಹಸಿ. ಈಗ ಗ್ಯಾಸ್ ಮಾತ್ರ ಇದ್ದರೂ ಎರಡಕ್ಕೂ ಆಗುವಂಥದ್ದನ್ನೇ ತನ್ನಿ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದೆ ಇರುವುದೂ ಇದೆ, ಗ್ಯಾಸ್ ಮುಗಿದು ಇಂಡಕ್ಷನ್‌ಗೆ ಓಡುವುದೂ ಇದೆ. ಸೌದೆ ಒಲೆಗೆ ಮಾತ್ರ ಯಾವ ನಾನ್‌ಸ್ಟಿಕ್ ಕೂಡ ಇಡಬೇಡಿ. ಅಲ್ಲಿ ಉರಿ ನಮ್ಮ ಕೈಯಲ್ಲಿಲ್ಲ.

ಹಿಡಿಕೆಯನ್ನು ಸ್ವಲ್ಪ ಅಲ್ಲಾಡಿಸಿ. ಸ್ಕ್ರೂ ಇರುವ ಹಿಡಿಕೆ ಸಡಿಲವಾದರೆ ಬಿಗಿ ಮಾಡಬಹುದು, ಆದರೆ ನಮ್ಮ ತೇವದಲ್ಲಿ ಸ್ಕ್ರೂ ತುಕ್ಕು ಹಿಡಿಯುತ್ತದೆ. ರಿವೆಟ್ ಹೊಡೆದದ್ದು ಗಟ್ಟಿ, ಆದರೆ ಒಳಗಡೆ ರಿವೆಟ್ ತಲೆಯ ಸುತ್ತ ಜಿಡ್ಡು ಸೇರುತ್ತದೆ. ನನಗೆ ಸ್ಕ್ರೂ ಇಷ್ಟ, ವರ್ಷಕ್ಕೊಮ್ಮೆ ಬಿಚ್ಚಿ ಒರೆಸಿ ಒಂದು ಹನಿ ಎಣ್ಣೆ ಬಿಟ್ಟರೆ ಆಯಿತು.

ಇನ್ನು ಹೆಸರುಗಳ ಗೊಂದಲ. ‘ಗ್ರಾನೈಟ್’, ‘ಮಾರ್ಬಲ್’, ‘ಸ್ಟೋನ್’ ಅಂತ ಬರೆದಿದ್ದರೆ ಅದು ಕಲ್ಲಿನ ಪಾತ್ರೆ ಅಲ್ಲ. ಹೆಚ್ಚಿನವು ಚುಕ್ಕೆ ಚುಕ್ಕೆ ಬಣ್ಣ ಹಾಕಿದ ಅದೇ ಪಿಟಿಎಫ್ಇ. ‘ಪಿಎಫ್ಒಎ ಇಲ್ಲ’ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಪಿಎಫ್ಒಎ ಅನ್ನುವುದು ಕೋಟಿಂಗ್ ತಯಾರಿಸುವಾಗ ಹಿಂದೆ ಬಳಸುತ್ತಿದ್ದ ಇನ್ನೊಂದು ರಾಸಾಯನಿಕ. ಅದು ದೇಹದಲ್ಲಿ, ನೀರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಮೆರಿಕದ ದೊಡ್ಡ ಕಂಪನಿಗಳು 2015ರ ಹೊತ್ತಿಗೆ ಅದನ್ನು ಬಿಡುವುದಾಗಿ 2006ರಲ್ಲಿ ಒಪ್ಪಿಕೊಂಡವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2023ರ ಕೊನೆಗೆ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹಾಗಾಗಿ ಆ ಚೀಟಿ ಇರುವುದು ಒಳ್ಳೆಯದೇ. ಆದರೆ ಅದರ ಅರ್ಥ ಪಿಟಿಎಫ್ಇ ಇಲ್ಲ ಅಂತ ಅಲ್ಲ. ಜೋರು ಉರಿಗೆ ಇಡಬಹುದು ಅಂತಲೂ ಅಲ್ಲ. ಅಂಗಡಿಯವರು ಇವೆರಡನ್ನೂ ಒಂದೇ ಮಾಡಿ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಪಿಟಿಎಫ್ಇ ಬೇಡ ಅನ್ನುವವರಿಗೆ ಸೆರಾಮಿಕ್ ಕೋಟಿಂಗ್ ಇದೆ. ಮರಳಿನಲ್ಲಿರುವ ಸಿಲಿಕಾ ಜಾತಿಯದ್ದು, ಬಿಸಿ ಇನ್ನಷ್ಟು ತಡೆಯುತ್ತದೆ, ಆ ಹೊಗೆಯ ಭಯ ಇಲ್ಲ. ಆದರೆ ಜಾರುವ ಗುಣ ಬೇಗ ಹೋಗುತ್ತದೆ. ದಿನಾ ಬಳಸಿದರೆ ವರ್ಷ ಒಂದೂವರೆ ವರ್ಷದಲ್ಲೇ ಮೊಟ್ಟೆ ಹಿಡಿಯಲು ಶುರುವಾಯಿತು ನನಗೆ. ಒಳಗೆ ಬಿಳಿ ಇದ್ದರೆ ಅರಿಶಿನದ ಕಲೆಯೂ ನಿಲ್ಲುತ್ತದೆ. ಹಾರ್ಡ್ ಅನೊಡೈಸ್ಡ್ ಅಂದರೆ ಅಲ್ಯೂಮಿನಿಯಂನ ಮೈಯನ್ನೇ ವಿದ್ಯುತ್ತಿನಿಂದ ಗಟ್ಟಿ ಮಾಡಿದ್ದು. ಅದೇ ನಾನ್‌ಸ್ಟಿಕ್ ಅಲ್ಲ. ಅದರ ಮೇಲೆ ಕೋಟಿಂಗ್ ಇದೆಯೋ ಇಲ್ಲವೋ ಕೇಳಿ ತಿಳಿದುಕೊಳ್ಳಿ. ಗಟ್ಟಿ ಮೈಯ ಮೇಲೆ ಕೋಟಿಂಗ್ ಇದ್ದರೆ ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಐಎಸ್ಐ ಗುರುತನ್ನೂ ನೋಡಿ. ಸ್ಟೀಲ್, ಅಲ್ಯೂಮಿನಿಯಂ ಪಾತ್ರೆಗಳಿಗೆ ಅದನ್ನು ಕಡ್ಡಾಯ ಮಾಡಿ ಕೇಂದ್ರ ಸರ್ಕಾರ 2024ರಲ್ಲಿ ಆದೇಶ ಹೊರಡಿಸಿದೆ.

ಮೂರನೇ ಹೆಜ್ಜೆ: ಮೊದಲ ದಿನ

ಚೀಟಿ ಬಿಡಿಸಿ. ಅಂಟು ಉಳಿದರೆ ಚಾಕುವಿನಿಂದ ಕೆರೆಯಬೇಡಿ, ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ. ಬಿಸಿನೀರು, ಸೋಪು, ಮೆತ್ತನೆ ಸ್ಪಂಜಿನಿಂದ ತೊಳೆದು ಒರೆಸಿ. ನಾಲ್ಕು ಹನಿ ಎಣ್ಣೆ ಬಟ್ಟೆಯಲ್ಲಿ ಸವರಿ, ಸಣ್ಣ ಉರಿಯಲ್ಲಿ ಒಂದು ನಿಮಿಷ ಇಟ್ಟು ಇಳಿಸಿ, ಆರಿದ ಮೇಲೆ ಒರೆಸಿ. ಇಷ್ಟೇ. ಕಬ್ಬಿಣದ ಕಾವಲಿಯಂತೆ ಈರುಳ್ಳಿ ಉಜ್ಜಿ ದಿನಗಟ್ಟಲೆ ಪಳಗಿಸುವುದೇನೂ ಇಲ್ಲ.

ನಾಲ್ಕನೇ ಹೆಜ್ಜೆ: ಉರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ.

ಗ್ಯಾಸಿನ ಸಣ್ಣ ಬರ್ನರ್ ಬಳಸಿ. ಉರಿಯ ತುದಿ ಪಾತ್ರೆಯ ತಳ ದಾಟಿ ಬದಿಗೆ ಏರಬಾರದು. ಇಂಡಕ್ಷನ್ ಆದರೆ 600ರಿಂದ 800 ವಾಟಿನಲ್ಲಿ ಶುರು ಮಾಡಿ. ದೋಸೆಗೆ, ಕರಿಯುವುದಕ್ಕೆ ಅಂತ ಇರುವ ಬಟನ್ ಒತ್ತಿದರೆ ಅದು ಒಂದೇ ಸಲಕ್ಕೆ ಪೂರ್ತಿ ಬಲ ಹಾಕುತ್ತದೆ. ತಳ ಕಣ್ಣುಮುಚ್ಚಿ ಬಿಡುವುದರೊಳಗೆ ಕಾಯುತ್ತದೆ, ಅಂಚು ಇನ್ನೂ ತಣ್ಣಗಿರುತ್ತದೆ. ನಡುವೆ ಹಿಗ್ಗಿ ಪಾತ್ರೆ ಡುಬ್ಬವಾಗುವುದು ಹೀಗೆ.

ಪಾತ್ರೆ ಖಾಲಿ ಕಾಯಿಸಬೇಡಿ. ಮೊದಲು ಅರ್ಧ ಚಮಚ ಎಣ್ಣೆ, ಆಮೇಲೆ ಉರಿ. ಇದರಲ್ಲೇ ನಿಮ್ಮ ಥರ್ಮಾಮೀಟರ್ ಕೂಡ ಇದೆ. ಗಾಣದ ತೆಂಗಿನೆಣ್ಣೆ ಸುಮಾರು 175 ಡಿಗ್ರಿಗೆ ಹೊಗೆಯಾಡುತ್ತದೆ. ಅಂದರೆ ಆ ಎಣ್ಣೆ ಸವರಿದ ಪಾತ್ರೆಯಿಂದ ತೆಳ್ಳಗೆ ನೀಲಿ ಹೊಗೆ ಎದ್ದ ಕೂಡಲೇ ಗಡಿ ಮುಟ್ಟಿತು ಅಂತ ಅರ್ಥ. ಉರಿ ತಗ್ಗಿಸಿ, ಇಲ್ಲವೇ ಇಳಿಸಿ. ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯನ್ನು ನಂಬಿ ಕೂರಬೇಡಿ. ಅದು ಹೊಗೆಯಾಡುವುದು 230 ಡಿಗ್ರಿ ಸುತ್ತಮುತ್ತ, ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಬೆಣ್ಣೆಯೂ ಒಳ್ಳೆಯ ಗುರುತು: ನೊರೆ ಇಳಿದು ಕಂದು ಬಣ್ಣಕ್ಕೆ ತಿರುಗಿದರೆ 150ರ ಹತ್ತಿರ, ಮೊಟ್ಟೆಗೆ ಸರಿಯಾದ ಬಿಸಿಯನ್ನು ದಾಟುತ್ತಿದ್ದೀರಿ.

ನೀರ್ ದೋಸೆ ಮಾಡುವಾಗ ನಾನು ನೋಡುವುದು ಶಬ್ದವನ್ನು. ಎಣ್ಣೆ ಸವರಿ ನಡು ಉರಿಯಲ್ಲಿ ಒಂದು ನಿಮಿಷ. ಹಿಟ್ಟನ್ನು ಅಂಚಿನಿಂದ ಒಳಗೆ ಸುರಿದಾಗ ‘ಸುಯ್’ ಅಂತ ಮೆಲ್ಲಗೆ ಎಳೆಯಬೇಕು, ಸಣ್ಣ ಸಣ್ಣ ತೂತು ಏಳಬೇಕು. ‘ಚರ್’ ಅಂತ ಸಿಡಿದರೆ ತವಾ ಜಾಸ್ತಿ ಕಾದಿದೆ. ಹಿಟ್ಟು ಮುದ್ದೆಯಾಗಿ ಸೌಟಿಗೇ ಸುತ್ತಿಕೊಳ್ಳುತ್ತದೆ, ಹರಡುವುದಿಲ್ಲ. ಆಗ ಅನೇಕರು ತಣ್ಣೀರು ಚಿಮುಕಿಸುತ್ತಾರೆ. ಕಬ್ಬಿಣದ ಮೇಲೆ ಮಾಡಿ ಬಂದ ಅಭ್ಯಾಸ ಅದು. ಇಲ್ಲಿ ಬೇಡ, ತವಾ ಎತ್ತಿ ಹಿಡಿದು ಅರ್ಧ ನಿಮಿಷ ಕಾಯಿರಿ. ಹಾಕಿದ ಮೇಲೆ ಮುಚ್ಚಿ. ಒಂದು ನಿಮಿಷದಲ್ಲಿ ಅಂಚು ತಾನೇ ಏಳುತ್ತದೆ, ಕೈಬೆರಳಿನಿಂದಲೇ ಮಡಚಬಹುದು. ನಡುನಡುವೆ ಹಿಟ್ಟು ಕಲಸಲು, ಫೋನ್ ಎತ್ತಲು ಹೋದರೆ ಉರಿ ಆರಿಸಿಯೇ ಹೋಗಿ.

ಮೀನಿಗೆ ಮಸಾಲೆ ಸವರುವ ಮೊದಲು ನೀರು ಒತ್ತಿ ತೆಗೆಯಿರಿ. ಎರಡು ಚಮಚ ಎಣ್ಣೆ ಇರಲಿ. ನಾನ್‌ಸ್ಟಿಕ್ ಅಂದರೆ ಎಣ್ಣೆ ಬೇಡ ಅಂತ ಅಲ್ಲ, ಕಡಿಮೆ ಸಾಕು ಅಂತ. ಕೆಳಗೆ ಗಟ್ಟಿಯಾಗುವ ತನಕ ಮೀನನ್ನು ಮುಟ್ಟಬೇಡಿ. ಕುಮ್ಮು ತುಂಬ ನೀರು ಬಿಡುತ್ತದೆ. ಆ ನೀರು ಇಂಗುವವರೆಗೆ ಪಾತ್ರೆಗೆ ಭಯ ಇಲ್ಲ, ಇಂಗಿದ ಮೇಲೆ ಮಾತ್ರ ಉರಿ ತಗ್ಗಿಸಿ.

ಸೌಟಿನ ಮಾತು ಸುಲಭ. ಮರದ್ದು, ತೆಂಗಿನ ಚಿಪ್ಪಿನದ್ದು, ಇಲ್ಲವೇ ಸಿಲಿಕೋನ್. ಸ್ಟೀಲ್ ಸಟ್ಟುಗ ಬೇಡ. ನೈಲಾನ್ ಸಟ್ಟುಗವನ್ನು ಪಾತ್ರೆಯೊಳಗೆ ಒರಗಿಸಿ ಬಿಟ್ಟರೆ ತುದಿ ಕರಗುತ್ತದೆ. ಆಮ್ಲೆಟನ್ನು ಪ್ಯಾನಿನಲ್ಲೇ ಚಾಕುವಿನಿಂದ ನಾಲ್ಕು ಮಾಡುವುದನ್ನು ದಯವಿಟ್ಟು ಬಿಡಿ.

ಐದನೇ ಹೆಜ್ಜೆ: ತೊಳೆಯುವುದು

ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯ ನಲ್ಲಿ ನೀರಿಗೆ ಕೈ ಹಿಡಿದವರಿಗೆ ಗೊತ್ತು, ಬೆರಳು ಮರಗಟ್ಟುತ್ತದೆ. ಒಲೆಯಿಂದ ಇಳಿಸಿದ ತವಾವನ್ನು ಆ ನೀರಿಗೆ ಹಿಡಿದರೆ ಚುಯ್ ಅನ್ನುವ ಆ ಸದ್ದಿನಲ್ಲೇ ಪಾತ್ರೆಯ ಆಯಸ್ಸು ಕಡಿಮೆಯಾಗುತ್ತದೆ. ಲೋಹ ಕುಗ್ಗುವ ಲೆಕ್ಕ ಬೇರೆ, ಕೋಟಿಂಗ್ ಕುಗ್ಗುವ ಲೆಕ್ಕ ಬೇರೆ. ಎರಡೂ ಬೇರೆ ಬೇರೆ ಕಡೆ ಎಳೆದರೆ ಹಿಡಿತ ಬಿಡುತ್ತದೆ, ತಳ ಸೊಟ್ಟಗಾಗುತ್ತದೆ. ಕೈಯಿಂದ ಮುಟ್ಟುವಷ್ಟು ಆರುವ ತನಕ ಬಿಡಿ. ಊಟ ಮುಗಿಸಿ ಬಂದು ತೊಳೆದರೆ ಸಾಕು.

ಸ್ಪಂಜಿನ ಹಳದಿ ಬದಿ ಸರಿ, ಹಸಿರು ಬದಿ ಬೇಡ. ಸ್ಟೀಲ್ ಜುಂಗು, ಪಾತ್ರೆ ತೊಳೆಯುವ ಪುಡಿ, ಬೂದಿ ಯಾವುದೂ ಬೇಡ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಚಿಕ್ಕಂದಿನಿಂದ ಬೂದಿ, ತೆಂಗಿನ ನಾರಿನಿಂದಲೇ ಪಾತ್ರೆ ಬೆಳಗಿದವರು. ಒಂದು ದಿನ ತವಾ ಹಿಡಿದು, “ಇದರ ಕಪ್ಪು ಹೋಗ್ತಾನೇ ಇಲ್ಲ ಅಕ್ಕಾ” ಅಂದರು. ತಪ್ಪು ನನ್ನದು, ಹೇಳಿಕೊಡದೆ ಕೈಗೆ ಕೊಟ್ಟಿದ್ದೆ. ಕೂತು ತೋರಿಸಿದೆ. ಈಗ ನಾನ್‌ಸ್ಟಿಕ್ ಪಾತ್ರೆಗೆ ಬೇರೆಯೇ ಒಂದು ಸ್ಪಂಜ್, ಬೇರೆಯೇ ಗೂಟ. ನಿಮ್ಮ ಮನೆಯಲ್ಲೂ ಬೇರೆಯವರು ತೊಳೆಯುವುದಾದರೆ ಮೊದಲ ದಿನವೇ ಜೊತೆಗೆ ನಿಂತು ತೋರಿಸಿ.

ಕೆಲವು ತಿಂಗಳ ಮೇಲೆ ಬದಿಯಲ್ಲಿ ಕಂದು ಬಣ್ಣದ ಅಂಟು ಪದರ ಕಾಣುತ್ತದೆ. ಕೋಟಿಂಗ್ ಹೋಯಿತು ಅಂತ ಪಾತ್ರೆ ಎಸೆದವರನ್ನು ನೋಡಿದ್ದೇನೆ. ಅದು ಕೋಟಿಂಗ್ ಅಲ್ಲ, ಸುಟ್ಟು ಗಟ್ಟಿಯಾದ ಎಣ್ಣೆ. ಅದರ ಮೇಲೆಯೇ ದೋಸೆ ಹಿಡಿಯುವುದು. ಅರ್ಧ ಇಂಚು ನೀರು ಹಾಕಿ, ಎರಡು ಚಮಚ ಅಡುಗೆ ಸೋಡಾ ಕದಡಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಆರಲಿ. ಸ್ಪಂಜಿನಿಂದ ಉಜ್ಜಿದರೆ ಸಿಪ್ಪೆಯಂತೆ ಬರುತ್ತದೆ. ಹಠ ಹಿಡಿದ ಕಡೆ ಸೋಡಾವನ್ನು ನೀರಲ್ಲಿ ಕಲಸಿ ಮೆತ್ತಿ, ಕಾಲು ಗಂಟೆ ಬಿಟ್ಟು ಬೆರಳಿನಿಂದ ಉಜ್ಜಿ. ಆಮೇಲೆ ಚೆನ್ನಾಗಿ ತೊಳೆದು, ಒರೆಸಿ, ಮತ್ತೆ ನಾಲ್ಕು ಹನಿ ಎಣ್ಣೆ.

ಆರನೇ ಹೆಜ್ಜೆ: ಮಳೆಗಾಲದಲ್ಲಿ ಇಡುವ ಕ್ರಮ

ಜೂನ್ ಶುರುವಾದರೆ ಸೆಪ್ಟೆಂಬರ್ ತನಕ ನಮ್ಮ ಗೋಡೆಯೇ ಬೆವರುತ್ತದೆ. ನಾನ್‌ಸ್ಟಿಕ್ ಪಾತ್ರೆ ಕಬ್ಬಿಣದಂತೆ ಒಂದೇ ರಾತ್ರಿಗೆ ತುಕ್ಕು ಹಿಡಿಯುವುದಿಲ್ಲ, ಅದೇ ಅದರ ದೊಡ್ಡ ಅನುಕೂಲ. ಆದರೆ ಹಿಡಿಕೆಯ ಸ್ಕ್ರೂ, ರಿವೆಟ್, ತಳದ ಸ್ಟೀಲ್ ತಟ್ಟೆಯ ಅಂಚು ಇವೆಲ್ಲ ತೇವ ಹಿಡಿಯುತ್ತವೆ. ತೊಳೆದು ಕವುಚಿ ಬಿಟ್ಟರೆ ಸಾಲದು, ಬಟ್ಟೆಯಲ್ಲಿ ಒರೆಸಿ. ನೇತುಹಾಕುವ ಗೂಟ ಒಲೆಯ ಹತ್ತಿರದ ಒಣ ಗೋಡೆಯಲ್ಲಿರಲಿ. ಒಂದರೊಳಗೆ ಒಂದು ಇಡುವುದು ಅನಿವಾರ್ಯ ಆದರೆ ನಡುವೆ ಹಳೆ ಹತ್ತಿ ಬಟ್ಟೆ ಹಾಕಿ. ಪೇಪರ್ ಹಾಕಬೇಡಿ, ಅದು ತೇವ ಎಳೆದು ಮೈಗೆ ಅಂಟಿ ಬೂಸಲು ಬರುತ್ತದೆ. ಮುಚ್ಚಳ ಬಿಗಿಯಾಗಿ ಮುಚ್ಚಿ ಇಡುವುದೂ ಬೇಡ, ಒಳಗೆ ಮುಗ್ಗಲು ವಾಸನೆ ಕೂರುತ್ತದೆ.

ಅಕ್ಕಿ ಒಟ್ಟಿ ಮಾಡಲು ಅಂತ ಉಳಿಸಿಕೊಂಡ ಕಬ್ಬಿಣದ ಕಾವಲಿಯನ್ನು ಮರೆಯಬೇಡಿ. ತೊಳೆದ ಮೇಲೆ ಒಲೆಯ ಮೇಲಿಟ್ಟು ನೀರು ಪೂರ್ತಿ ಆರಿಸಿ, ಬಿಸಿ ಇರುವಾಗಲೇ ತೆಳ್ಳಗೆ ತೆಂಗಿನೆಣ್ಣೆ ಒರೆಸಿ. ವಾರಗಟ್ಟಲೆ ಬಳಸುವುದಿಲ್ಲ ಅಂದರೆ ಎಣ್ಣೆ ಸ್ವಲ್ಪ ಜಾಸ್ತಿ ಇರಲಿ.

ಯಾವಾಗ ಬಿಡಬೇಕು

ಒಂದು ಸಣ್ಣ ಪರೀಕ್ಷೆ. ಚೆನ್ನಾಗಿ ತೊಳೆದ ಪ್ಯಾನಿನಲ್ಲಿ, ಸಣ್ಣ ಉರಿಯಲ್ಲಿ, ನಾಲ್ಕು ಹನಿ ಎಣ್ಣೆ ಮಾತ್ರ ಸವರಿ ಒಂದು ಮೊಟ್ಟೆ ಒಡೆಯಿರಿ. ಬಿಳಿ ಗಟ್ಟಿಯಾದ ಮೇಲೆ ಪ್ಯಾನ್ ಅಲ್ಲಾಡಿಸಿ. ಜಾರಿದರೆ ಇನ್ನೂ ಆಯಸ್ಸಿದೆ. ಒಂದು ಕಡೆ ಹಿಡಿದರೆ ಸೋಡಾ ನೀರಿನ ಕೆಲಸ ಮಾಡಿ ಮತ್ತೆ ನೋಡಿ. ಆಗಲೂ ಹಿಡಿದರೆ ಕೋಟಿಂಗ್ ಸವೆದಿದೆ. ಕೋಟಿಂಗ್ ಸಿಪ್ಪೆ ಏಳುತ್ತಿದ್ದರೆ, ಬೆಳ್ಳಿಯಂತೆ ಲೋಹ ಕಾಣುತ್ತಿದ್ದರೆ, ತಳ ಸೊಟ್ಟಗಾಗಿ ಕುಟುಕುಟು ಅನ್ನುತ್ತಿದ್ದರೆ ಪರೀಕ್ಷೆ ಬೇಕಾಗಿಲ್ಲ, ಬದಲಾಯಿಸಿ. ಚೂರು ಸಿಪ್ಪೆ ಹೊಟ್ಟೆಗೆ ಹೋಯಿತು ಅಂತ ಗಾಬರಿ ಬೇಡ, ಪಿಟಿಎಫ್ಇ ಅರಗದೆ ಹಾಗೇ ಹೊರಗೆ ಹೋಗುತ್ತದೆ. ಹಾಗಂತ ಅದರಲ್ಲೇ ಮಾಡುತ್ತಾ ಇರುವುದೂ ಬೇಡ. ಮೇಲೆ ಹೇಳಿದಂತೆ ನೋಡಿಕೊಂಡ ನನ್ನ ಈಗಿನ ತವಾ ನಾಲ್ಕನೇ ವರ್ಷದಲ್ಲಿದೆ, ಮೊಟ್ಟೆ ಇನ್ನೂ ಜಾರುತ್ತದೆ.

ಅಪ್ಪಿತಪ್ಪಿ ಖಾಲಿ ಪಾತ್ರೆ ಒಲೆ ಮೇಲೆ ಮರೆತು ಹೊಗೆ ಬಂದರೆ, ಮೊದಲು ಉರಿ ಆರಿಸಿ, ಕಿಟಕಿ ಬಾಗಿಲು ತೆಗೆದು, ಎಲ್ಲರೂ ಹೊರಗೆ ಬನ್ನಿ. ಪಾತ್ರೆಗೆ ನೀರು ಸುರಿಯಬೇಡಿ, ಅಲ್ಲೇ ಆರಲಿ. ಉಸಿರಾಟಕ್ಕೆ ತೊಂದರೆ ಅನ್ನಿಸಿದರೆ ಡಾಕ್ಟರ ಹತ್ತಿರ ಹೋಗಿ, ನಾನ್‌ಸ್ಟಿಕ್ ಹೊಗೆ ಅಂತ ಬಾಯಿಬಿಟ್ಟು ಹೇಳಿ. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಹಳೆಯ ಪಾತ್ರೆಯನ್ನು ತೋಟದಲ್ಲಿ ಕಸದ ಜೊತೆ ಬೆಂಕಿಗೆ ಹಾಕಬಾರದು. ಒಲೆಯಲ್ಲಿ ಬರಬಾರದು ಅಂದ ಅದೇ ಹೊಗೆ ಅಲ್ಲಿ ಇನ್ನೂ ಜಾಸ್ತಿ ಬರುತ್ತದೆ. ಹಿಡಿಕೆ ಬಿಚ್ಚಿ ಗುಜರಿಯವರಿಗೆ ಕೊಡಿ, ಅಲ್ಯೂಮಿನಿಯಂ ಅಂತ ತೂಕಕ್ಕೆ ತೆಗೆದುಕೊಳ್ಳುತ್ತಾರೆ. ನನ್ನ ಉಂಗುರದ ಬಾಣಲೆಯನ್ನು ಮಾತ್ರ ನಾನು ಕೊಟ್ಟಿಲ್ಲ. ಹಿತ್ತಲಲ್ಲಿ ಕಾಳುಮೆಣಸಿನ ಬಳ್ಳಿಯ ಕಡ್ಡಿಗಳನ್ನು ಬೇರು ಬಿಡಿಸಲು ಕವರುಗಳಲ್ಲಿ ನೆಟ್ಟಿದ್ದೇನೆ, ಆ ಕವರುಗಳ ಕೆಳಗೆ ನೀರು ಹಿಡಿಯಲು ಅದನ್ನು ಇಟ್ಟಿದ್ದೇನೆ.